ಎದುರು ಮೂಲೆಯ ನೀರು

ಗರುಡಾಚಾರ್‌ಪಾಳ್ಯದ ಹಂಪಣ್ಣನನ್ನು ತೋರಿಸಿ ಇವನು ರಾಜ್ಯದ ಬಾಕ್ಸಿಂಗ್ ಚಾಂಪಿಯನ್ ಆಗಿದ್ದವನು ಎಂದರೆ, ಜನ ಮೊದಲು ಅವನ ಹಿಂದೆ ಇನ್ಯಾರಾದರೂ ನಿಂತಿದ್ದಾರೆಯೇ ಎಂದು ಇಣುಕುತ್ತಾರೆ. ಆಳು ಅಷ್ಟು ಸಣ್ಣ. ಬಾಕ್ಸಿಂಗಿನಲ್ಲಿ ಅರವತ್ತು ಕೆಜಿಯೊಳಗಿನವರ ವರ್ಗಕ್ಕೆ ಲೈಟ್‌ವೇಟ್ ಎನ್ನುತ್ತಾರೆ. ಹಂಪಣ್ಣ ಹರೆಯವನ್ನೆಲ್ಲ ಆ ಅರವತ್ತರ ಗೆರೆಯೊಳಗೇ ಕಳೆದವನು. ಯಾರ ಮದುವೆಗೆ ಹೋದರೂ ಹೋಳಿಗೆ ಮುಟ್ಟದೆ ಎಲೆ ಬಿಟ್ಟು ಎದ್ದವನು. ತನ್ನ ಮದುವೆಯಲ್ಲೂ ಹಾಗೇ ಮಾಡಿದ ಎಂದು ಹೆಂಡತಿ ಕಾವೇರಿ ಇಂದಿಗೂ ಆಡಿಕೊಳ್ಳುತ್ತಾಳೆ.

"ನಾನು ಬಾಯಿಗೆ ಹೋಳಿಗೆ ಇಡಕ್ಕೆ ಹೋದ್ರೆ, ಇವ್ರು ಅದನ್ನ ತಕ್ಕಡೀಲಿ ಇಟ್ಟಂಗೆ ನೋಡಿದ್ರು ಕಣ್ರೀ."

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ಹಿರಿಯರು ಹೇಳಿದ್ದಾರೆ. ಹಂಪಣ್ಣ ಆ ಗಾದೆಯ ಮೊದಲರ್ಧವನ್ನು ಚೆನ್ನಾಗಿ ಕಲಿತ. ಎರಡನೆಯ ಅರ್ಧದ ಹತ್ತಿರ ಸುಳಿಯಲೂ ಇಲ್ಲ. ಹತ್ತು ಮಾತು ಬೇಕಾದ ಕಡೆ ಒಂದು ತಲೆಯಾಟದಲ್ಲಿ ಮುಗಿಸುವ ಜಾತಿ ಅವನದು. ಹಾಗಾಗಿಯೇ ತನ್ನ ಜೀವಕ್ಕೆ ಜೀವವಾಗಿದ್ದ ಒಬ್ಬರನ್ನು ಅವನು ಕಳೆದುಕೊಳ್ಳುವುದರಲ್ಲಿದ್ದ.

ಅಪ್ಪ ಅಮ್ಮ ದೇವದುರ್ಗದ ಕಡೆಯವರು, ಕಟ್ಟಡದ ಕೆಲಸದವರು. ಬಾಡಿಗೆಯ ಕೋಣೆ ಗರುಡಾಚಾರ್‌ಪಾಳ್ಯದಲ್ಲಿದ್ದರೂ ಕಟ್ಟಡ ಎಲ್ಲಿ ಏಳುತ್ತದೋ ಅಲ್ಲಿಗೆ ಅವರ ನಡೆ. ಶಿವಾಜಿನಗರದಲ್ಲಿ ಹಾಗೊಂದು ಕಟ್ಟಡ ಏಳುತ್ತಿದ್ದಾಗ, ಶಾಲೆ ಬಿಟ್ಟು ಅಮ್ಮನ ಹತ್ತಿರ ಬಂದು ಕೂರುತ್ತಿದ್ದ ಹಂಪಣ್ಣನಿಗೆ ಪಕ್ಕದ ಗುಜರಿ ಅಂಗಡಿಯ ಹಿಂದಿನಿಂದ ಧಬ್ ಧಬ್ ಎಂಬ ಸದ್ದು ಕೇಳಿಸುತ್ತಿತ್ತು. ಒಂದು ಸಂಜೆ ಹೋಗಿ ನೋಡಿದ. ಗುಜರಿಯ ಮಾಲೀಕ ಅಕ್ತರ್ ಹಗಲೆಲ್ಲ ಹಳೇ ಲಾರಿಗಳ ಬಿಡಿಭಾಗ ಮಾರುವವರು, ಸಂಜೆಯಾದರೆ ಹಿಂದಿನ ಶೆಡ್ಡಿನಲ್ಲಿ ಹುಡುಗರಿಗೆ ಬಾಕ್ಸಿಂಗ್ ಕಲಿಸುವ ಉಸ್ತಾದರು. ಹರೆಯದಲ್ಲಿ ಹಲಸೂರಿನ ಮಿಲಿಟರಿಯವರ ಜೊತೆ ಆಡಿ ಕಲಿತ ವಿದ್ಯೆ ಅದು. ಲಾರಿಗೆ ಸರಕು ಬಿಗಿಯುವ ಹಗ್ಗವೇ ಅಲ್ಲಿನ ರಿಂಗು. ಟಾರ್ಪಾಲಿನೊಳಗೆ ಹಳೇ ಬಟ್ಟೆ ತುರುಕಿ ಹೊಲಿದು ತೂಗುಹಾಕಿದ್ದೇ ಗುದ್ದುವ ಚೀಲ.

"ಏನೋ ಕದ್ದು ನೋಡ್ತೀಯಾ? ಒಳಗ್ ಬಾ. ಕೈ ಮುಷ್ಟಿ ಮಾಡು. ಅರೆ, ಹೆಬ್ಬೆರಳು ಒಳಗಿಟ್ಕೊಂಡ್ರೆ ಮುರ್ಕೊಂತೀಯ, ಹೊರಗೆ ಇಡೋ" ಎಂದರು ಅಕ್ತರ್. ಅವತ್ತಿನಿಂದ ಅವನು ಅವರಿಗೆ "ಲೋ ಹಂಪಾ" ಆದ.

ಅಮ್ಮ ಶೇಷಮ್ಮ ಬೇಡ ಎನ್ನಲಿಲ್ಲ. ಆದರೆ ಒಂದು ಷರತ್ತು ಹಾಕಿದಳು. "ಹೋಗು, ಆಡು. ಆದ್ರ ಅವ್ರ ಮನ್ಯಾಗ ನೀರು ಗೀರು ಕುಡಿಬ್ಯಾಡ ಮತ್ತ." ಹುಡುಗ ತಲೆಯಾಡಿಸಿದ. ಅಕ್ತರ್ ಅವರ ಹೆಂಡತಿ ಹಮೀದಾ ಲೋಟ ಮುಂದೆ ಹಿಡಿದರೆ ಅಲ್ಲೂ ತಲೆಯಾಡಿಸಿದ, ಈ ಸಲ ಬೇಡವೆಂದು. ಹಮೀದಾ ಗಂಡನ ಮುಖ ನೋಡಿದಳು. ಅವರಿಬ್ಬರಿಗೂ ಅರ್ಥವಾಗದ್ದೇನೂ ಇರಲಿಲ್ಲ.

ಹಂಪಣ್ಣನ ಮೊದಲ ಪಂದ್ಯ ಹಲಸೂರಿನಲ್ಲಿ ಆಯಿತು. ಮೂಗು ಒಡೆಸಿಕೊಂಡು ಸೋತ. ಅಳು ನುಂಗಿಕೊಂಡು ರಿಂಗಿನಿಂದ ಇಳಿಯಹೋದವನನ್ನು ಉಸ್ತಾದರು ಕುತ್ತಿಗೆಪಟ್ಟಿ ಹಿಡಿದು ನಿಲ್ಲಿಸಿದರು.

"ಎಲ್ಲಿಗೋ? ಎದುರು ಮೂಲೆಗೆ ಹೋಗು. ಅವ್ನ ಉಸ್ತಾದ್ ನೀರು ಕೊಡ್ತಾರೆ, ಕುಡ್ಕೊಂಡು ಬಾ. ಗೆದ್ರೂ ಕುಡೀಬೇಕು, ಸೋತ್ರೂ ಕುಡೀಬೇಕು. ಹೊಡೆದಾಟ ಇಲ್ಲೇ ಬಿಟ್ಟೆ, ಮನೆಗೆ ಹೊತ್ಕೊಂಡು ಹೋಗಲ್ಲ ಅಂತ ಅದ್ರ ಅರ್ಥ. ಕುಡೀದೆ ಇಳಿದ್ರೆ ಅದಕ್ಕಿಂತ ದೊಡ್ಡ ಬೈಗುಳ ನಮ್ಮ ಆಟದಲ್ಲಿ ಇಲ್ಲ."

ಹಂಪಣ್ಣ ಹೋದ. ಕೈಯಲ್ಲಿ ಗ್ಲೌಸು ಇದ್ದದ್ದರಿಂದ ಎದುರು ಮೂಲೆಯ ಉಸ್ತಾದರೇ ಬಾಟಲಿ ಎತ್ತಿ ಅವನ ಬಾಯಿಗೆ ನೀರು ಹನಿಸಿದರು. ಯಾರೋ ಎತ್ತಲಿನವರೋ, ಈಗಷ್ಟೇ ತನ್ನ ಮೂಗು ಒಡೆದವನ ಗುರು, ತಲೆ ಸವರಿ "ಶಾಭಾಷ್" ಎಂದರು. ಅದೇ ಸಂಜೆ ಅವನು ಅಕ್ತರ್ ಅವರ ಮನೆಗೆ ಹೋಗಿ, ಹಮೀದಾ ಕೇಳುವ ಮೊದಲೇ ಕೊಡದಿಂದ ತಾನೇ ಲೋಟ ಮುಳುಗಿಸಿ ಗಟಗಟ ಕುಡಿದ. ಶೇಷಮ್ಮನಿಗೆ ಇದು ಗೊತ್ತಾಯಿತೋ ಇಲ್ಲವೋ, ಅವಳು ಮತ್ತೆ ಆ ಮಾತು ಎತ್ತಲಿಲ್ಲ.

ಅಕ್ತರ್ ಅವರ ಶೆಡ್ಡಿನಲ್ಲಿ ಇನ್ನೊಂದು ರೂಢಿ ಇತ್ತು. ಇದನ್ನು ಉಸ್ತಾದರು ಹೇಳಿಕೊಟ್ಟಿರಲಿಲ್ಲ, ಹುಡುಗರೇ ಮಾಡಿಕೊಂಡದ್ದು. ರಂಜಾನ್ ತಿಂಗಳಲ್ಲಿ ಉಸ್ತಾದರು ಹಗಲೆಲ್ಲ ಹನಿ ನೀರಿಲ್ಲದೆ ರೋಜಾ ಇದ್ದು, ಸಂಜೆ ಉಪವಾಸ ಬಿಡುವವರೆಗೆ ಒಣಗಿದ ತುಟಿಯಲ್ಲೇ ಪಾಠ ಹೇಳುತ್ತಿದ್ದರು. ಅವರ ಕಣ್ಣೆದುರು ನೀರು ಕುಡಿಯಲು ಯಾವ ಹುಡುಗನಿಗೂ ಮನಸ್ಸು ಬರುತ್ತಿರಲಿಲ್ಲ. ಬಾಯಾರಿದವನು ಮೂತ್ರಕ್ಕೆಂದು ನೆಪ ಹೇಳಿ, ಗೋಡೆಯಾಚೆಯ ನಲ್ಲಿಯಲ್ಲಿ ಕುಡಿದು, ಬಾಯಿ ಒರೆಸಿಕೊಂಡು ಬರುತ್ತಿದ್ದ. ಉಸ್ತಾದರಿಗೆ ಇದರ ಸುಳಿವೇ ಇರಲಿಲ್ಲ. "ರಂಜಾನ್ ಬಂದ್ರೆ ನಮ್ಮ ಹುಡುಗ್ರು ಒಂಟೆ ಆಗ್ಬಿಡ್ತಾರೆ ನೋಡು, ನೀರೇ ಕೇಳಲ್ಲ" ಎಂದು ಹೆಂಡತಿಯ ಮುಂದೆ ಹೆಮ್ಮೆಪಡುತ್ತಿದ್ದರು. ಹುಡುಗರು ನಕ್ಕು ಸುಮ್ಮನಾಗುತ್ತಿದ್ದರು.

ಹಂಪಣ್ಣ ಬೆಳೆದ. ಎಡಗೈಯ ಒಂದು ಚುರುಕು ಏಟು ಅವನಿಗೆ ಸಿದ್ಧಿಸಿತು. ಎದುರಾಳಿಗೆ ಬಿದ್ದ ಮೇಲೆ ಗೊತ್ತಾಗುವಂಥ ಏಟು. ರಾಜ್ಯದ ಲೈಟ್‌ವೇಟ್ ಪಟ್ಟ ಬಂತು, ಮರುವರ್ಷ ಮತ್ತೆ ಬಂತು, ಆಮೇಲೆ ಅವನಲ್ಲೇ ಮನೆ ಮಾಡಿತು. ರಾಷ್ಟ್ರಮಟ್ಟದಲ್ಲಿ ಒಮ್ಮೆ ಕಂಚು ಗೆದ್ದ. ಆ ಕಂಚಿನ ಬಲದಿಂದ ದೊಡ್ಡನೆಕ್ಕುಂದಿಯ ಒಂದು ಕಾರ್ಖಾನೆಯಲ್ಲಿ ಕ್ರೀಡಾಪಟುಗಳ ಪಾಲಿನ ಕೆಲಸ ಸಿಕ್ಕಿತು. ಕಾರ್ಖಾನೆಗೆ ತನ್ನದೇ ತಂಡ, ತನ್ನದೇ ಕೋಚ್. ಅಲ್ಲಿ ಸೇರಿದ ಮೇಲೆ ರಿಂಗಿನಲ್ಲಿ ಅವರ ಮೂಲೆಯಲ್ಲಿ ನಿಲ್ಲಬೇಕು. ಹಂಪಣ್ಣ ಹಿಂದೆಮುಂದೆ ನೋಡಿದ. ಅಕ್ತರ್ ಅವರೇ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಹೋಗಿ ಕಾರ್ಖಾನೆಯ ಗೇಟಿನ ಮುಂದೆ ಇಳಿಸಿದರು. "ಮೂಲೆ ಯಾವ್ದಾದ್ರೆ ಏನೋ ಹಂಪಾ, ಎಡಗೈ ನನ್ದೇ ತಾನೆ?" ಎಂದು ನಕ್ಕರು.

ಹಾಗೆ ವರ್ಷಗಳು ಉರುಳಿದವು. ಪ್ರತಿ ಈದ್ ಹಬ್ಬಕ್ಕೆ ಹಂಪಣ್ಣ ಶಿವಾಜಿನಗರಕ್ಕೆ ಹೋಗುತ್ತಿದ್ದ. ವರ್ಷದಲ್ಲಿ ಅವನು ತೂಕ ಮರೆಯುತ್ತಿದ್ದ ದಿನ ಅದೊಂದೇ. ಹಮೀದಾ ಮಾಡಿದ ಖರ್ಜೂರ, ಶಾವಿಗೆಯ ಪಾಯಸವನ್ನು ಬಟ್ಟಲು ಬಟ್ಟಲು ಕುಡಿಯುತ್ತಿದ್ದ. ಪಕ್ಕದಲ್ಲಿ ಕೂತ ಕಾವೇರಿಗೆ ಆಗ ಹೋಳಿಗೆಯ ನೆನಪಾಗಿ ಹೊಟ್ಟೆ ಉರಿಯುತ್ತಿತ್ತು.

ಅಕ್ತರ್ ಅವರ ಶೆಡ್ಡಿನಲ್ಲಿ ಈ ನಡುವೆ ಇನ್ನೊಬ್ಬ ಲೈಟ್‌ವೇಟ್ ತಯಾರಾದ. ಹಲಸೂರಿನ ವಿರೂಪಾಕ್ಷ, ಹಗಲು ಮನೆಮನೆಗೆ ಪಾರ್ಸೆಲ್ ಹಂಚುವ ಇಪ್ಪತ್ತೊಂದರ ಯುವಕ. ಹಂಪಣ್ಣನಿಗೆ ಆಗ ಮೂವತ್ತೆರಡು. ಆ ವರ್ಷದ ರಾಜ್ಯ ಫೈನಲ್ಲಿನಲ್ಲಿ ಇಬ್ಬರೂ ಎದುರಾದರು. ಒಂದು ಮೂಲೆಯಲ್ಲಿ ಕಾರ್ಖಾನೆಯ ಕೋಚ್, ಇನ್ನೊಂದರಲ್ಲಿ ಅಕ್ತರ್. ರಂಜಾನ್ ತಿಂಗಳು, ಉಸ್ತಾದರು ರೋಜಾದಲ್ಲಿದ್ದರು.

ಹಂಪಣ್ಣ ಗೆದ್ದ, ಕಷ್ಟಪಟ್ಟು ಗೆದ್ದ. ಗಂಟೆ ಬಾರಿಸಿದ ಮೇಲೆ ರೂಢಿಯಂತೆ ಎದುರು ಮೂಲೆಗೆ ನಡೆದ. ಅಕ್ತರ್ ನಗುತ್ತಾ ಬಾಟಲಿ ಎತ್ತಿ ಅವನ ಬಾಯಿಗೆ ಹಿಡಿದರು. ಹಂಪಣ್ಣ ಅವರ ತುಟಿ ನೋಡಿದ. ಬಿಳಿಚಿ ಒಣಗಿತ್ತು. ಇಷ್ಟು ವರ್ಷ ಗೋಡೆಯಾಚೆ ಹೋಗಿ ಕುಡಿದವನು ಈಗ ಅವರ ಕೈಯಿಂದಲೇ, ಅವರ ಮುಖದೆದುರೇ ಕುಡಿಯುವುದೇ? ಆಗಲಿಲ್ಲ ಅವನಿಂದ. ಉಸಿರು ಮೇಲಕ್ಕೆ ಹತ್ತಿತ್ತು, ಮಾತು ಹೊರಡಲಿಲ್ಲ. ಹೊರಡುವಂತಿದ್ದರೂ ಆಡುವ ಪೈಕಿ ಅಲ್ಲವಲ್ಲ. ಮುಖ ಪಕ್ಕಕ್ಕೆ ತಿರುಗಿಸಿ, ತಲೆಯಾಡಿಸಿ, ಬಗ್ಗಿ ನಮಸ್ಕರಿಸಿ ಬಂದುಬಿಟ್ಟ. ಬಾಟಲಿ ಹಿಡಿದ ಕೈ ಹಾಗೇ ಗಾಳಿಯಲ್ಲಿ ಉಳಿಯಿತು. ಕೆಳಗೆ ಕೂತಿದ್ದವರಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ಹಂಪಣ್ಣ ಅದೊಂದನ್ನೂ ನೋಡಲಿಲ್ಲ.

ಆ ಈದ್‌ಗೆ ಎಂದಿನಂತೆ ಹೋದಾಗ ಅಕ್ತರ್ ಎದ್ದು ನಿಂತು ಬರಮಾಡಿಕೊಂಡರು.

"ಬನ್ನಿ ಹಂಪಣ್ಣ ಅವ್ರೇ, ಕೂತ್ಕೊಳ್ಳಿ. ಮನೇಲಿ ಎಲ್ಲಾ ಚೆನ್ನಾಗಿದಾರಾ?"

ಹಂಪಣ್ಣ ತಮಾಷೆ ಎಂದುಕೊಂಡು ನಕ್ಕ. ಅವರು ನಗಲಿಲ್ಲ. ಹಮೀದಾ ಅಂಗಡಿಯಿಂದ ತರಿಸಿದ್ದ, ಮುಚ್ಚಳದ ಸೀಲು ಒಡೆಯದ ನೀರಿನ ಬಾಟಲಿ ಮುಂದಿಟ್ಟಳು. ಜೊತೆಗೆ ಒಡೆಯದ ಬಿಸ್ಕತ್ತಿನ ಪೊಟ್ಟಣ. ಪಾಯಸದ ವಾಸನೆ ಮನೆ ತುಂಬ ಇತ್ತು, ಬಟ್ಟಲು ಬರಲಿಲ್ಲ. ಉಸ್ತಾದರು ಮರ್ಯಾದೆಯಿಂದ ನಾಲ್ಕು ಮಾತಾಡಿ, ಮರ್ಯಾದೆಯಿಂದ ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಬೈದಿದ್ದರೆ, ಕಪಾಳಕ್ಕೆ ಎರಡು ಕೊಟ್ಟಿದ್ದರೆ ಹಂಪಣ್ಣ ತಡೆದುಕೊಳ್ಳುತ್ತಿದ್ದ. ಅದಕ್ಕೆಂದೇ ತರಬೇತಾದ ಮುಖ ಅದು. "ಅವ್ರೇ" ಎಂಬ ಆ ಎರಡಕ್ಷರವನ್ನು ತಡೆಯುವುದು ಹೇಗೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ವಿರೂಪಾಕ್ಷನನ್ನು ಸೋಲಿಸಿದ್ದಕ್ಕೆ ಉಸ್ತಾದರಿಗೆ ಬೇಸರ ಎಂದುಕೊಂಡ. ಕಾಲ ಕಳೆದರೆ ಸರಿಹೋಗುತ್ತದೆ ಎಂದುಕೊಂಡು ಕಾಲ ಕಳೆದ. ಸರಿಹೋಗಲಿಲ್ಲ.

ಮಳೆಗಾಲ ದಾಟಿ, ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ಶಿವಾಜಿನಗರದ ಮಾರ್ಕೆಟ್ಟಿನಲ್ಲಿ ತರಕಾರಿ ಆರಿಸುತ್ತಿದ್ದ ಹಮೀದಾ ಎದುರಾದಳು. ಹಂಪಣ್ಣ ಅವಳ ಚೀಲಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ.

"ಚೀಲ ಯಾಕೆ ಹಿಡೀತೀಯಪ್ಪ? ಅದೂ ಮೈಲಿಗೆ ಆಗಲ್ವಾ?"

"ಏನ್ ಚಾಚಿ ಹಿಂಗಂತೀರಾ?"

"ಇನ್ನೇನನ್ಲಿ? ಚಿಕ್ಕೋನಿದ್ದಾಗ ನಮ್ಮನೆ ನೀರು ಬೇಡ ಅಂತಿದ್ದೆ, ನಿಮ್ಮಮ್ಮ ಹೇಳ್ಕೊಟ್ಟಿದ್ದು, ಮಗು ಏನ್ ಮಾಡತ್ತೆ ಅಂತ ಸುಮ್ನಿದ್ವಿ. ಈಗ ದೊಡ್ಡೋನಾಗಿ, ಚಾಂಪಿಯನ್ ಆಗಿ, ಅಷ್ಟು ಜನರ ಮುಂದೆ ಅವ್ರ ಕೈ ನೀರು ಬೇಡ ಅಂದ್ಬಿಟ್ಯಲ್ಲೋ. ಅವತ್ತು ಉಪವಾಸ ಬಿಡೋಕೂ ಆಗ್ಲಿಲ್ಲ ಅವ್ರಿಗೆ. ಒಂದು ಖರ್ಜೂರ ಬಾಯಲ್ಲಿಟ್ಕೊಂಡು ಹಾಗೇ ಕೂತಿದ್ರು."

ಹಂಪಣ್ಣನಿಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಅಂದು ತಪ್ಪಿದ ಮಾತುಗಳೆಲ್ಲ ಈಗ ಒಟ್ಟಿಗೆ ಬಂದವು: ರೋಜಾ, ಒಣಗಿದ ತುಟಿ, ಗೋಡೆಯಾಚೆಯ ನಲ್ಲಿ, ಎಲ್ಲ ಹುಡುಗರ ಗುಟ್ಟು. ಹಮೀದಾ ಟೊಮೆಟೊ ಹಿಡಿದುಕೊಂಡೇ ಕೇಳಿದಳು. ಕಣ್ಣು ತುಂಬಿಕೊಂಡಳು. ಆದರೆ ತಲೆಯಾಡಿಸಿದಳು.

"ನಾನು ನಂಬ್ತೀನಿ. ನಾನ್ ಹೋಗಿ ಹೇಳಿದ್ರೆ ಅವ್ರು ಹೂಂ ಅಂತಾರೆ, ಅಷ್ಟೇ. ಸಮಾಧಾನ ಮಾಡೋಕೆ ಕಥೆ ಕಟ್ಟಿದಾರೆ ಅಂದ್ಕೊಂತಾರೆ. ನಾಲ್ಕು ಜನರ ಮುಂದೆ ಬೇಡ ಅಂದಿದ್ದು, ನಾಲ್ಕು ಜನರ ಮುಂದೇನೇ ತಗೋಬೇಕು ಕಣೋ."

ನಾಲ್ಕು ಜನರ ಮುಂದೆ ಎಂದರೆ ರಿಂಗು. ರಿಂಗಿನಲ್ಲಿ ಅಕ್ತರ್ ಅವರ ಮೂಲೆಗೆ ಹೋಗಬೇಕೆಂದರೆ ಅವರ ಶಿಷ್ಯನ ಎದುರಾಳಿಯಾಗಿಯೇ ಹೋಗಬೇಕು. ಈ ವರ್ಷ ಆಟ ಬಿಡುತ್ತೇನೆ ಎಂದು ಕಾರ್ಖಾನೆಯಲ್ಲಿ ಹೇಳಿಯಾಗಿತ್ತು. ಹಂಪಣ್ಣ ಹೋಗಿ ಇಲ್ಲ, ಇನ್ನೊಂದು ವರ್ಷ ಆಡುತ್ತೇನೆ ಎಂದ. ಕೋಚ್ ಅವನ ಹೊಟ್ಟೆಯ ಕಡೆ ನೋಡಿದರು. ಅಭ್ಯಾಸ ಬಿಟ್ಟ ತಿಂಗಳುಗಳಲ್ಲಿ ಕಾವೇರಿ ಹೋಳಿಗೆಯ ಹಳೇ ಸೇಡು ತೀರಿಸಿಕೊಂಡಿದ್ದಳು.

ಆಮೇಲೆ ಶುರುವಾಯಿತು ತೂಕದ ತಪಸ್ಸು. ಬೆಳಕು ಹರಿಯುವಾಗ ಬೆವರಿಳಿಸಲು ಮಳೆಕೋಟು ತೊಟ್ಟು ಹಲಸೂರು ಕೆರೆಯ ಸುತ್ತ ಓಡುತ್ತಿದ್ದ. ಮೋಡವೇ ಇಲ್ಲದ ದಿನ ಮಳೆಕೋಟು ಹಾಕಿದವನನ್ನು ವಾಕಿಂಗಿನವರು ದೂರದಿಂದಲೇ ದಾರಿ ಬಿಟ್ಟು ನೋಡುತ್ತಿದ್ದರು. ರೊಟ್ಟಿ ಅರ್ಧವಾಯಿತು, ಅನ್ನ ಮಾಯವಾಯಿತು. ಇಪ್ಪತ್ತರಲ್ಲಿ ಒಂದು ವಾರಕ್ಕೆ ಇಳಿಯುತ್ತಿದ್ದ ಮೈ ಮೂವತ್ತಮೂರರಲ್ಲಿ ಕಾಲು ಹಿಡಿದು ಬೇಡಿದರೂ ಇಳಿಯಲೊಲ್ಲದು.

"ಒಂದು ಲೋಟ ನೀರು ಕುಡಿಯೋಕೆ ಇಷ್ಟೆಲ್ಲಾನಾ?" ಎಂದಳು ಕಾವೇರಿ.

"ಹೂಂ" ಎಂದ ಹಂಪಣ್ಣ.

ಅವಳು ಮತ್ತೇನೂ ಕೇಳದೆ ಸಿಪ್ಪೆ ಸುಲಿದ ಸೌತೆಕಾಯಿ ಮುಂದಿಟ್ಟಳು.

ಪಂದ್ಯಗಳ ದಿನ ಗೊತ್ತಾದಾಗ ಹಂಪಣ್ಣ ತಲೆಯ ಮೇಲೆ ಕೈ ಹೊತ್ತು ಕೂತ. ಈ ವರ್ಷವೂ ರಂಜಾನ್ ತಿಂಗಳಲ್ಲೇ ಬಿದ್ದಿತ್ತು. ಅತ್ತ ದರಿ, ಇತ್ತ ಪುಲಿ. ಕುಡಿದರೆ ಉಪವಾಸದ ಉಸ್ತಾದರೆದುರು ಕುಡಿದಂತೆ. ಹುಡುಗನಾಗಿದ್ದಾಗಿನಿಂದ ಮಾಡದ ಕೆಲಸ. ಕುಡಿಯದಿದ್ದರೆ ಅವರನ್ನು ಎರಡನೇ ಸಲ, ಅದೇ ಜನರೆದುರು ಅವಮಾನಿಸಿದಂತೆ. ಆಮೇಲೆ ಯಾವ ಈದ್‌ಗೂ ಆ ಬಾಗಿಲು ತುಳಿಯುವಂತಿಲ್ಲ. ಕೆರೆಯ ಸುತ್ತ ಓಡುತ್ತಾ ದಿನವೂ ಇದನ್ನೇ ಯೋಚಿಸಿದ. ಉತ್ತರ ಸಿಗಲಿಲ್ಲ.

ತೂಕದ ದಿನ ಯಂತ್ರದ ಮುಳ್ಳು ಅರವತ್ತರ ಗೆರೆಯನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತು. ಮುಂದಿನ ಸುತ್ತುಗಳನ್ನು ಅನುಭವದಿಂದ, ಸ್ವಲ್ಪ ಅದೃಷ್ಟದಿಂದ ದಾಟಿದ. ಇನ್ನೊಂದು ಕಡೆಯಿಂದ ವಿರೂಪಾಕ್ಷ ಎಲ್ಲರನ್ನೂ ಗುಡಿಸಿಕೊಂಡು ಬಂದ. ಮತ್ತೆ ಅದೇ ಫೈನಲ್, ಹಲಸೂರಿನ ಕಡೆಯ ಒಂದು ಸಭಾಂಗಣದಲ್ಲಿ, ಸಂಜೆಯ ಮುಂಚೆ.

ಪಂದ್ಯದ ಬಗ್ಗೆ ಹೇಳಲು ಹೆಚ್ಚಿಲ್ಲ. ಮೊದಲ ರೌಂಡಿನಲ್ಲಿ ಹಂಪಣ್ಣನ ಎಡಗೈ ಮಾತಾಡಿತು. ಎರಡನೆಯದರಲ್ಲಿ ವಿರೂಪಾಕ್ಷನ ಎಡಗೈ ಅದೇ ಭಾಷೆಯಲ್ಲಿ ಉತ್ತರ ಕೊಟ್ಟಿತು. ಇಬ್ಬರಿಗೂ ಕಲಿಸಿದವರು ಒಬ್ಬರೇ ತಾನೆ. ಮೂರನೆಯದರಲ್ಲಿ ವಯಸ್ಸು ತನ್ನ ಪಾಲು ಕೇಳಿತು. ಕೊನೆಯ ಗಂಟೆ ಬಾರಿಸುವಾಗಲೇ ಹಂಪಣ್ಣನಿಗೆ ಗೊತ್ತಿತ್ತು, ಪಟ್ಟ ಹೋಯಿತು ಎಂದು. ಆ ಕ್ಷಣಕ್ಕೆ ಅದು ಅವನ ತಲೆಯಲ್ಲಿರಲಿಲ್ಲ.

ಎದುರು ಮೂಲೆಗೆ ನಡೆದ. ಅಕ್ತರ್ ಬಾಟಲಿ ಹಿಡಿದಿದ್ದರು. ರೂಢಿ ಬಿಡುವವರಲ್ಲ ಅವರು. ಆದರೆ ಈ ಸಲ ಬಾಯಿಯವರೆಗೆ ಎತ್ತಲಿಲ್ಲ. ಬೇಕಾದರೆ ತಗೋ ಎನ್ನುವಂತೆ ಎದೆಯ ಮಟ್ಟದಲ್ಲಿ ಹಿಡಿದು, ಬೇರೆಲ್ಲೋ ನೋಡುತ್ತಿದ್ದರು. ಹೋದ ವರ್ಷದ ಅದೇ ಜನ ಕೆಳಗೆ ಕತ್ತು ಚಾಚಿದ್ದರು. ಹಂಪಣ್ಣ ಎರಡೂ ಗ್ಲೌಸಿನ ನಡುವೆ ಬಾಟಲಿಯನ್ನು ಒತ್ತಿ ಹಿಡಿದು ಅವರ ಕೈಯಿಂದ ತೆಗೆದುಕೊಂಡ. ಹಣೆಗೆ ಒತ್ತಿಕೊಂಡ. ಕುಡಿಯಲಿಲ್ಲ. ವಾಪಸ್ಸೂ ಕೊಡಲಿಲ್ಲ. ಕಂಕುಳಲ್ಲಿ ಸಿಕ್ಕಿಸಿಕೊಂಡು ರಿಂಗಿನ ನಡುವೆ ಹೋಗಿ ನಿಂತ.

ರೆಫರಿ ಇಬ್ಬರ ಕೈ ಹಿಡಿದರು. "ಬಾಟ್ಲಿ ಕೊಟ್ಟು ಬನ್ರೀ" ಎಂದರು. ಹಂಪಣ್ಣ ತಲೆಯಾಡಿಸಿದ. ಜನ ನಕ್ಕರು. ವಿರೂಪಾಕ್ಷನ ಕೈ ಮೇಲೇರಿತು, ಹೊಸ ಚಾಂಪಿಯನ್ ಎಂದು ಸಾರಿದರು. ಹಳೇ ಚಾಂಪಿಯನ್ ಒಂದು ಕೈಯಿಂದ ಅವನನ್ನು ತಬ್ಬಿಕೊಂಡ. ಇನ್ನೊಂದು ಕೈ ಬಾಟಲಿ ಕಾಯುತ್ತಿತ್ತು.

ದೊಡ್ಡ ತೂಕದವರ ಪಂದ್ಯಗಳು ಇನ್ನೂ ಬಾಕಿ ಇದ್ದವು. ಹಂಪಣ್ಣ ಗ್ಲೌಸು ಬಿಚ್ಚಿಸಿಕೊಂಡು ಬಂದು, ಅಕ್ತರ್ ಕೂತಿದ್ದ ಬೆಂಚಿನಲ್ಲೇ ಕೂತ. ಬಾಟಲಿ ಮಂಡಿಗಳ ನಡುವೆ ಇತ್ತು. ಬೆವರು ಇಳಿಯುತ್ತಿತ್ತು, ನಾಲಿಗೆ ಅಂಗುಳಕ್ಕೆ ಅಂಟಿತ್ತು. ಕಾರ್ಖಾನೆಯವರು ಜ್ಯೂಸ್ ತಂದರು, ಬೇಡ ಎಂದ. ಎಳನೀರು ತಂದರು, ಬೇಡ ಎಂದ. ಅಕ್ತರ್ ಓರೆಗಣ್ಣಲ್ಲಿ ನೋಡುತ್ತಿದ್ದರು. ಕೊನೆಗೆ ತಡೆಯಲಾಗಲಿಲ್ಲ.

"ಬಾಟ್ಲಿ ಇಟ್ಕೊಂಡು ಯಾಕೆ ಕೂತಿದೀರಾ ಹಂಪಣ್ಣ ಅವ್ರೇ? ಕುಡೀರಿ."

"ನೀವು ಕುಡೀರಿ ಉಸ್ತಾದ್. ಆಮೇಲೆ ನಾನು."

"ನಂಗೆ ರೋಜಾ ಅಲ್ವಾ."

"ಅದಕ್ಕೇ."

ರಿಂಗಿನಲ್ಲಿ ಯಾರೋ ಯಾರನ್ನೋ ಗುದ್ದುತ್ತಿದ್ದರು, ಅಕ್ತರ್ ಅದನ್ನು ನೋಡುತ್ತಿರಲಿಲ್ಲ. ತಿರುಗದೆಯೇ ಕೇಳಿದರು.

"ಹೋದ್ ಸಲಾನೂ ಇದಕ್ಕೇನಾ?"

"ಹೂಂ. ಶೆಡ್ಡಲ್ಲೂ ಅಷ್ಟೇ. ನಾವ್ ಯಾರೂ ಒಂಟೆ ಅಲ್ಲ ಉಸ್ತಾದ್. ಹಿಂದುಗಡೆ ನಲ್ಲಿ ಇತ್ತು."

ಮಸೀದಿಯಿಂದ ಉಪವಾಸ ಬಿಡುವ ಹೊತ್ತಿನ ಬಾಂಗ್ ಕೇಳಿಸಿತು. ಅಕ್ತರ್ ಜೇಬಿನಿಂದ ಖರ್ಜೂರ ತೆಗೆದು ಬಾಯಿಗಿಟ್ಟುಕೊಂಡರು. ಹಂಪಣ್ಣ ಮುಚ್ಚಳ ತಿರುಗಿಸಿ ಬಾಟಲಿ ಕೊಟ್ಟ. ಅವರು ಎರಡು ಗುಟುಕು ಕುಡಿದರು. ಆಮೇಲೆ ಎದ್ದು ನಿಂತು, ಸಭಾಂಗಣದ ಅಷ್ಟೂ ಜನ ನೋಡುವಂತೆ, ಗ್ಲೌಸು ತೊಟ್ಟವನಿಗೆ ಹಿಡಿದಂತೆ ಬಾಟಲಿ ಎತ್ತಿ ಅವನ ಬಾಯಿಗೆ ಹಿಡಿದರು. ಇನ್ನೊಂದು ಕೈಯಿಂದ ತಲೆಯ ಹಿಂದಕ್ಕೆ ಪಟ್ಟೆಂದು ಒಂದು ಬಿಟ್ಟರು. ಅವತ್ತು ಹಂಪಣ್ಣ ತಿಂದ ಏಟುಗಳಲ್ಲೆಲ್ಲ ಅದೇ ಜೋರಾದದ್ದು.

"ಒಂದು ವರ್ಷ ಕಣೋ! ಬಾಯಿಬಿಟ್ಟು ಹೇಳೋಕೇನಾಗಿತ್ತು? ಆ ಬಾಯಿ ಯಾಕ್ ಕೊಟ್ಟಿದಾನೆ ದೇವ್ರು ನಿಂಗೆ?"

"ಹೊಡಿಸ್ಕೊಳ್ಳೋಕೆ ಉಸ್ತಾದ್" ಎಂದ ಹಂಪಣ್ಣ. ನೀರು ಗದ್ದದಿಂದ ಎದೆಗೆ ಇಳಿಯುತ್ತಿತ್ತು. ಕಣ್ಣಿಂದ ಇಳಿದದ್ದು ಯಾವುದು, ಬಾಟಲಿಯಿಂದ ಇಳಿದದ್ದು ಯಾವುದು, ಇಬ್ಬರಿಗೂ ತಿಳಿಯುವಂತಿರಲಿಲ್ಲ.

"ಕುಡಿ, ಕುಡಿ. ಪೂರ್ತಿ ಕುಡಿ. ಈದ್‌ಗೆ ಕಾವೇರೀನ ಕರ್ಕೊಂಡು ಬಾ. ತೂಕ ಗೀಕ ಅಂದ್ರೆ ನೋಡು ಮತ್ತೆ, ಲೋ ಹಂಪಾ."